ಫರಶಿ ಹಾಸಿದ ಕಂಪ್ಯೂಟರು

ನನ್ನ ಕಂಪ್ಯೂಟರು ಯಾರ ತಂಟೆಗೂ ಹೋಗುವುದಿಲ್ಲ. ಆದರೂ ಅದನ್ನು ನೋಡಿದವರು ಏನಾದರೊಂದು ಅನ್ನದೆ ಇರುವುದಿಲ್ಲ, ಅವರು ಅಂದಮೇಲೆ ಏನಾದರೊಂದು ಆಗದೆ ಇರುವುದಿಲ್ಲ. ನಾಲ್ಕು ವರ್ಷದಿಂದ ಹೀಗೇ ನಡೆದಿದೆ, ನಿಲ್ಲುವ ಲಕ್ಷಣ ಕಾಣುತ್ತಿಲ್ಲ.

ಬೀದರಿನ ಕೋರ್ಟಿನ ಹತ್ತಿರದ ಒಂದು ಗಲ್ಲಿಯಲ್ಲಿ ನನ್ನದೊಂದು ಸಣ್ಣ ಕೋಣೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಬರೆದ ಹೊಲ ಮನೆಗಳ ಕಾಗದಪತ್ರಗಳನ್ನು ಕನ್ನಡಕ್ಕೆ ಮಾಡಿಕೊಡುವುದು ನನ್ನ ಉದ್ಯೋಗ. ನಮ್ಮ ಮನೆಮಾತು ದಖ್ಖನಿ, ನಾನು ಕಲಿತದ್ದು ಕನ್ನಡ ಸಾಲಿಯಲ್ಲಿ, ಹಳೆಯ ಗುಮಾಸ್ತರ ಅವಸರದ ಉರ್ದು ಕೈಬರಹ ಓದುವುದನ್ನು ಕಲಿಸಿದವರು ನಮ್ಮ ಅಜ್ಜ. ಈ ಮೂರೂ ಸೇರಿ ನನಗೆ ಅನ್ನ ಹಾಕುತ್ತಿವೆ. ಕಂಪ್ಯೂಟರು ಬಂದದ್ದು ಆಮೇಲೆ, ಫಜೀತಿ ಬಂದದ್ದು ಅದರ ಜೊತೆಗೆ.

ಬಾವಿ ಬಂತು, ಬಾವಿ ಹೋಯಿತು

ಮೊದಲು ನನ್ನ ಕಂಪ್ಯೂಟರೂ ಎಲ್ಲರದರ ಹಾಗೇ ಇತ್ತು. ಹಳೆಯ ಕಾಗದದ ಫೋಟೋ ಒಂದು ಕಿಟಕಿಯಲ್ಲಿ, ನಾನು ಬರೆಯುವ ಕನ್ನಡ ಇನ್ನೊಂದರಲ್ಲಿ, ನಿಘಂಟು ಮತ್ತೊಂದರಲ್ಲಿ. ಎಲ್ಲ ಕಿಟಕಿಗಳೂ ಒಂದರ ಮೇಲೊಂದು ಬಿದ್ದುಕೊಂಡಿರುತ್ತಿದ್ದವು. ಮೇಲಿನದನ್ನು ಎಳೆದರೆ ಕೆಳಗಿನದು ಕಾಣುತ್ತಿತ್ತು, ಕೆಳಗಿನದನ್ನು ಒತ್ತಿದರೆ ಮೇಲಿನದು ಎಲ್ಲಿಗೋ ಹೋಗುತ್ತಿತ್ತು.

ಒಂದು ದಿನ ಎರಡು ಕೆಲಸ ಒಟ್ಟಿಗೆ ಹಿಡಿದಿದ್ದೆ. ಒಂದು ಖಟಕ ಚಿಂಚೋಳಿ ಎಂಬ ಊರಿನ ಕುರಿ ಸಾಕುವವರ ಹೊಲದ ಪತ್ರ, ಇನ್ನೊಂದು ಭಾಲ್ಕಿಯವರೊಬ್ಬರ ತೋಟದ್ದು. ಎರಡೂ ಒಂದೇ ಗುಮಾಸ್ತನ ಕೈಬರಹ. ಚಿಂಚೋಳಿಯವರು ಮಗಳನ್ನು ಕರೆದುಕೊಂಡು ಬಂದರು. ಅವರಿಗೆ ಓದಲು ಬಾರದು, ಮಗಳು ಕಾಲೇಜಿಗೆ ಹೋಗುವಾಕೆ. ನಾನು ಕೊಟ್ಟ ಕನ್ನಡದ ಹಾಳೆಯನ್ನು ಆಕೆ ಗಟ್ಟಿಯಾಗಿ ಓದತೊಡಗಿದಳು.

"ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿದಾರಿ, ಹೊಲದ ನಡುವೆ ಕಲ್ಲಿನಿಂದ ಕಟ್ಟಿದ ಬಾವಿ ಒಂದು."

"ಮತ್ತೊಮ್ಮೆ ಓದವ್ವ," ಅಂದರು ಅಪ್ಪ.

ಆಕೆ ಮತ್ತೊಮ್ಮೆ ಓದಿದಳು. ಅವರು ತಲೆಯ ಮೇಲಿನ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಸಾಹೇಬ್ರ, ನಮ್ಮಪ್ಪ ಸಾಯೋತನಕ ಕುರಿಗಿ ನೀರು ಕುಡಸ್ಲಾಕ ಎರಡು ಹರದಾರಿ ನಡದಾನ. ಬಾವಿ ಹೊಲದಾಗೇ ಇತ್ತೇನ್ರಿ?"

ಕಂಪ್ಯೂಟರಿನ ಕಡೆ ತಿರುಗಿ ನೋಡಿದೆ. ಮೇಲಿದ್ದ ಕಿಟಕಿ ಚಿಂಚೋಳಿಯದಲ್ಲ, ಭಾಲ್ಕಿಯದು. ನಡುವೆ ಎಲ್ಲೋ ಎದ್ದು ನಮಾಜಿಗೆ ಹೋಗಿ ಬಂದವನು ಯಾವ ಕಾಗದದ ಮುಂದೆ ಕೂತೆನೆಂದು ನೋಡದೆ ಮುಂದುವರಿಸಿದ್ದೆ. ಇದೇ ಹಾಳೆ ಕೋರ್ಟಿಗೆ ಹೋಗಿದ್ದರೆ ನನ್ನ ಇಪ್ಪತ್ತು ವರ್ಷದ ಮಾತು ಆ ಬಾವಿಗೇ ಬೀಳುತ್ತಿತ್ತು. ತಪ್ಪಾಯಿತು ಎಂದು ಒಪ್ಪಿಕೊಂಡು, ಹಾಳೆ ವಾಪಸ್ ಇಸಿದುಕೊಂಡು, ಅವರನ್ನು ಕೂರಿಸಿ, ಅವರೆದುರಿಗೇ ಸರಿ ಮಾಡಿ ಹೊಸ ಹಾಳೆ ಕೊಟ್ಟೆ.

ಅವರು ಅದನ್ನು ಮಗಳ ಕೈಗೆ ಕೊಡದೆ ತಾವೇ ಬಹಳ ಹೊತ್ತು ಹಿಡಿದುಕೊಂಡು ನೋಡಿದರು. ಆಮೇಲೆ ಕೇಳಿದರು.

"ಬಾವಿ ತಗದೀರಿ, ಅದು ನಮ್ಮದಲ್ಲ, ಛಲೋ ಆಯ್ತು. ಹಳ್ಳ ಆದ್ರೂ ಇಟ್ಟೀರಿಲ್ಲ?"

ಹದಿನಾರು, ಹದಿನೇಳು

ಈ ಬಾವಿಯ ಕಥೆಯನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಭಾಲ್ಕಿಯ ಲೆಕ್ಚರರ್ ಒಬ್ಬರ ಮುಂದೆ ಹೇಳಿದೆ. ಅವರು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು, ತಮ್ಮ ಅಜ್ಜನ ಮನೆಯ ಪತ್ರ ಓದಿಸಲು ಬಂದಿದ್ದರು. ಕೇಳಿ ನಗಲಿಲ್ಲ. ನನ್ನ ಕಂಪ್ಯೂಟರನ್ನು ಡಾಕ್ಟರರ ಹಾಗೆ ನೋಡಿದರು.

"ಇದು ನಿಮ್ಮ ತಪ್ಪಲ್ರಿ. ಕಿಟಕಿ ಮ್ಯಾಲೆ ಕಿಟಕಿ ಬಿದ್ರ ಯಾರಿಗಾದ್ರೂ ಹೀಂಗೇ ಆಗ್ತದ. ನಿಮಗ ಟೈಲಿಂಗ್ ವಿಂಡೋ ಮ್ಯಾನೇಜರ್ ಅಂತ ಒಂದು ಹಾಕಿಕೊಡ್ತೇನಿ."

"ಹಂಗಂದ್ರ?"

"ಟೈಲ್ಸ್ ಅಂದ್ರ ಫರಶಿ. ಒಂದು ಫರಶಿ ಮ್ಯಾಲೆ ಇನ್ನೊಂದು ಫರಶಿ ಯಾರಾದ್ರೂ ಹಾಸ್ತಾರೇನ್ರಿ? ಮಗ್ಗಲಕ ಮಗ್ಗಲ ಹಾಸ್ತಾರ. ಇದರಾಗ ಕಿಟಕಿನೂ ಹಂಗೇ. ಒಂದು ತೆರದ್ರ ಪೂರಾ ಜಾಗ ಅದಕ್ಕ. ಎರಡು ತೆರದ್ರ ಅರ್ಧರ್ಧ. ಮೂರು ತೆರದ್ರ ಮೂರು ಪಾಲು. ನೀವು ಎಳಿಯೋದು ಇಲ್ಲ, ಸರಸೋದು ಇಲ್ಲ, ಅದೇ ಬರೋಬ್ಬರಿ ಹಚ್ಚಿ ಇಡ್ತದ. ಯಾವುದೂ ಯಾವುದರ ಕೆಳಗೂ ಅಡಗೋದಿಲ್ಲ."

ಕೂತು ಹಾಕಿಕೊಟ್ಟರು. ಉರ್ದು ಬಲದಿಂದ ಓದುವುದಾದ್ದರಿಂದ ಕಾಗದದ ಫೋಟೋ ಬಲಗಡೆ, ನನ್ನ ಕನ್ನಡ ಎಡಗಡೆ. ಒಂದರಿಂದ ಒಂಬತ್ತರವರೆಗೆ ಬೇರೆ ಬೇರೆ ಮೇಜುಗಳಿದ್ದ ಹಾಗೆ ಒಂಬತ್ತು ಜಾಗ, ಒಬ್ಬ ಗಿರಾಕಿಗೆ ಒಂದು. ಮೌಸ್ ಎನ್ನುವ ಇಲಿಯ ಕೆಲಸ ಇಲ್ಲ, ಎಲ್ಲವೂ ಕೀಗಳಿಂದ. ಕಿಟಕಿಯ ಚಿತ್ರ ಇರುವ ಕೀ ಒತ್ತಿ ಹಿಡಿದು ಬೇರೊಂದು ಕೀ ಒತ್ತಬೇಕು. ಯಾವುದರ ಜೊತೆ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋದರು. ನಾನು ಆ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟೆ, ಅಂಗಿಯನ್ನು ಮನೆಯವರು ಒಗೆದರು.

ಮರುದಿನ ನೆನಪಿನ ಮೇಲೆ ಕೂತೆ. ಏನೋ ಒತ್ತಿದೆ, ಒಂದು ಕಪ್ಪು ಕಿಟಕಿ ಬಂತು. ಅದನ್ನು ಮುಚ್ಚಬೇಕಾಗಿತ್ತು. ಕಿಟಕಿಯ ಕೀ ಹಿಡಿದು, ಎಂಟರ್ ಒತ್ತಿದರೆ ಎಲ್ಲ ಕೆಲಸವೂ ಮುಗಿಯುತ್ತದೆಂದು ನನ್ನ ತಿಳಿವಳಿಕೆ. ಒತ್ತಿದೆ. ಇನ್ನೊಂದು ಕಪ್ಪು ಕಿಟಕಿ ಬಂತು, ಎರಡೂ ಅರ್ಧರ್ಧ ಆದವು. ಸರಿಯಾಗಿ ಒತ್ತಲಿಲ್ಲ ಎಂದುಕೊಂಡು ಜೋರಾಗಿ ಒತ್ತಿದೆ. ಮೂರಾದವು. ಒತ್ತಿದ ಹಾಗೆಲ್ಲ ಅವು ತೆಳ್ಳಗಾಗುತ್ತ ಹೋದವು. ಕೊನೆಗೆ ತೆರೆಯ ತುಂಬ ಬಾಚಣಿಕೆಯ ಹಲ್ಲಿನ ಹಾಗೆ ಕಪ್ಪು ಪಟ್ಟಿಗಳು ನಿಂತವು.

ಲೆಕ್ಚರರಿಗೆ ಫೋನು ಮಾಡಿದೆ. ಕ್ಲಾಸಿನಲ್ಲಿದ್ದರು, ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲಕ್ಕೆ ಹೊರಗೆ ಬಂದು ಎತ್ತಿದರು.

"ಏನಾಯ್ತ್ರಿ ಸಾಹೇಬ್ರ?"

"ಮುಚ್ಚಂದ್ರ ತೆರಿಲಾಕತ್ತಾವ್ರಿ."

"ಏನು ಒತ್ತೀರಿ?"

"ಎಂಟರ್."

"ಅದು ಹೊಸ ಕಿಟಕಿ ತೆರಿಯೋದು. ಈಗ ಎಷ್ಟು ಅವ?"

ಬೆರಳಿಟ್ಟು ಎಣಿಸಿದೆ. "ಹದಿನಾರು."

"ಒತ್ತಬ್ಯಾಡ್ರಿ ಇನ್ನ. ತಿಳೀತಿಲ್ಲ? ಎಂಟರ್ ಒತ್ತಬ್ಯಾಡ್ರಿ."

"ತಿಳೀತ್ರಿ," ಅಂದೆ. ಆದರೆ ಕಂಪ್ಯೂಟರಿನ ಮುಂದೆ ಕೂತವನು ಯಾವುದಾದರೂ ಮಾತಿಗೆ ಹೂಂ ಅನ್ನಬೇಕಾದರೆ ಬೆರಳು ತಾನಾಗಿ ಎಲ್ಲಿಗೆ ಹೋಗುತ್ತದೆ ಎನ್ನುವುದು ಅವರಿಗೂ ಗೊತ್ತಿರಬೇಕು, ಯಾಕೆಂದರೆ ನಿಟ್ಟುಸಿರು ಬಿಟ್ಟು ಕೇಳಿದರು.

"ಹದಿನೇಳು ಆದ್ವಿಲ್ಲ?"

ಕಮಲನಗರದಿಂದ ಬಂದ ಅಳತೆ

ಲೆಕ್ಚರರು ಇದನ್ನು ಹಾಕಿಕೊಟ್ಟ ದಿನ ನನ್ನ ಕೋಣೆಯಿಂದ ಇಳಿದು ಕೆಳಗಿನ ಚಹದ ಅಂಗಡಿಯಲ್ಲಿ "ಸಾಹೇಬ್ರ ಕಡಿ ಟೈಲ್ಸ್ ಹಾಕಿ ಬಂದೆ" ಅಂದಿದ್ದರಂತೆ. ಚಹದ ಅಂಗಡಿಯಲ್ಲಿ ಆಡಿದ ಮಾತು ಎಷ್ಟು ದೂರ ಹೋಗುತ್ತದೆ ಎನ್ನುವುದು ಎರಡು ವಾರದ ಮೇಲೆ ತಿಳಿಯಿತು.

ಒಬ್ಬರು ಒಳಗೆ ಬಂದರು. ಬಿಳಿ ಟೋಪಿ, ಕೈಯಲ್ಲಿ ಅಳತೆ ಬರೆದು ಮಡಚಿದ ಕಾಗದ. ಕಮಲನಗರದ ಕಡೆಯವರು, ಮಾತಿನಲ್ಲಿ ಮರಾಠಿ ಸೇರಿತ್ತು.

"ನಮಸ್ಕಾರ. ಟೈಲ್ಸ್ ಅಂತ ಕೇಳಿ ಬಂದೆ. ಇಲ್ಲೇ ಏನ್ರಿ?"

ಅಷ್ಟರಲ್ಲಿ ನಾನು ಆ ಪದ್ಧತಿಯಲ್ಲಿ ಪಳಗಿದ್ದೆ. ಕೇಳುವವರು ಸಿಕ್ಕರೆ ತೋರಿಸುವ ಹುಮ್ಮಸ್ಸು ಬೇರೆ. "ಇಲ್ಲೇ ಬರ್ರಿ, ಕೂಡ್ರಿ, ತೋರಸ್ತೇನಿ," ಅಂದು ತೆರೆಯನ್ನು ಅವರ ಕಡೆ ತಿರುಗಿಸಿದೆ. ನಾನು ಅಲ್ಲಿ ಫರಶಿಯ ಚಿತ್ರಗಳನ್ನು ತೋರಿಸುತ್ತೇನೆ ಎಂದುಕೊಂಡು ಅವರು ಕನ್ನಡಕ ಹಾಕಿಕೊಂಡರು.

"ನೋಡ್ರಿ, ಒಂದು, ಎರಡು, ಮೂರು. ಎಷ್ಟು ಇಟ್ರೂ ತಾವೇ ಬರೋಬ್ಬರಿ ಕೂಡ್ತಾವ."

"ಛಾನ್. ಹಾಸ್ಲಾಕ ಗವಂಡಿ ಬೇಕಾಗೋದಿಲ್ಲೇನು?"

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. "ಯಾರೂ ಬ್ಯಾಡ. ನಡುವ ಸಂದು ಬೇಕಾದ್ರ ಇಡಬಹುದು, ಬ್ಯಾಡಾದ್ರ ಪೂರಾ ಕೂಡಸಬಹುದು. ನಾ ಸ್ವಲ್ಪ ಸಂದು ಇಟ್ಟೀನಿ, ಕಣ್ಣಿಗಿ ಚಂದ ಕಾಣ್ತದ."

"ಸಂದು ಬ್ಯಾಡ್ರಿ. ನೀರು ಇಳಿತದ."

ಕಂಪ್ಯೂಟರಿನೊಳಗೆ ನೀರು ಹೇಗೆ ಇಳಿಯುತ್ತದೆ ಎಂದು ಅನುಮಾನ ಬಂದರೂ, ಅವರ ಮನೆ ಸೋರುತ್ತಿರಬೇಕು ಎಂದು ಬಿಟ್ಟೆ.

"ಜಾರ್ತಾವೇನ್ರಿ?" ಎಂದು ಕೇಳಿದರು.

"ಒಂದರಿಂದ ಇನ್ನೊಂದಕ್ಕ ಬೆಣ್ಣಿ ಹಂಗ ಜಾರ್ತಾವ. ಅದೇ ಇದರ ಮಜಾ."

ಅವರ ಮುಖ ಚಿಕ್ಕದಾಯಿತು. ಕೈಯಲ್ಲಿದ್ದ ಕಾಗದವನ್ನು ಮತ್ತೆ ಮಡಚಿದರು. "ಹಂಗಾದ್ರ ಆಗೋದಿಲ್ರಿ. ನಮ್ಮವ್ವಗ ಎಂಬತ್ತು ವರ್ಷ."

ನನಗೆ ಬಹಳ ಸಂತೋಷವಾಯಿತು. ಎಂಬತ್ತು ವರ್ಷದ ಹೆಣ್ಣುಮಗಳು ಈ ವಯಸ್ಸಿನಲ್ಲಿ ಕಲಿಯಲು ಮನಸ್ಸು ಮಾಡಿದ್ದಾರೆ ಎಂದು ನನ್ನ ಲೆಕ್ಕ.

"ಏನೂ ಹೆದರಿಕಿ ಇಲ್ರಿ. ಎಂಟು ದಿನ ನಾ ಮಗ್ಗಲದಾಗ ಕೂತು ಕಲಸ್ತೇನಿ. ಕರ್ಕೊಂಡ್ ಬರ್ರಿ ಅವ್ರಿಗಿ."

ಅವರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸ್ನಾನ ಮಾಡೋದು ಅವ್ವಗ ಬರ್ತದ್ರಿ," ಅಂದು ಎದ್ದು ಹೋದರು.

ಅತ್ತೆಯ ಹೆಸರು

ಮನುಷ್ಯ ಹೊಸದನ್ನು ಕಲಿತರೆ ಬೆರಳು ಹಳೆಯದನ್ನು ಮರೆಯುತ್ತದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಬಲಗಡೆಯ ಕಿಟಕಿಗೆ ಹೋಗಬೇಕಾದರೆ ಕಿಟಕಿಯ ಕೀ ಹಿಡಿದು ಎಲ್ ಅಕ್ಷರ ಒತ್ತಬೇಕು. ದಿನಕ್ಕೆ ಸಾವಿರ ಸಲ ಒತ್ತುತ್ತೇನೆ. ಬೇರೆಯವರ ಕಂಪ್ಯೂಟರಿನಲ್ಲಿ ಅದೇ ಎರಡು ಕೀ ಒತ್ತಿದರೆ ಕಂಪ್ಯೂಟರಿಗೆ ಬೀಗ ಬೀಳುತ್ತದೆ. ಪಾಸ್‌ವರ್ಡ್ ಹಾಕಿದರೇ ಮತ್ತೆ ತೆರೆಯುವುದು.

ಭಾಲ್ಕಿಯಲ್ಲಿ ಒಬ್ಬ ನೋಟರಿಯವರ ಆಫೀಸಿಗೆ ಹೋಗಿದ್ದೆ. ನಾನು ಮಾಡಿಕೊಟ್ಟ ಕನ್ನಡದಲ್ಲಿ ಎರಡು ಹೆಸರು ತಿದ್ದಬೇಕಾಗಿತ್ತು. ಅಲ್ಲಿನ ಟೈಪಿಸ್ಟು ಮೂವತ್ತರ ಹೆಣ್ಣುಮಗಳು. "ನೀವೇ ತಿದ್ದಿ ಬಿಡ್ರಿ ಚಾಚಾ, ನಾ ಈ ಜನರದು ಮುಗಸ್ತೇನಿ" ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟು ಆ ಕಡೆಯ ಮೇಜಿಗೆ ಹೋದಳು. ಅಲ್ಲಿ ಎಂಟು ಹತ್ತು ಜನ ಸಾಲಾಗಿ ನಿಂತಿದ್ದರು.

ಒಂದು ಹೆಸರು ತಿದ್ದಿದೆ. ಬೆರಳು ಎಲ್ ಕಡೆ ಹೋಯಿತು. ಬೀಗ ಬಿತ್ತು.

ಆಕೆ ಎದ್ದು ಬಂದಳು, ಬಗ್ಗಿ, ಕೀಗಳನ್ನು ಟಪಟಪ ಬಡಿದು ತೆರೆದುಕೊಟ್ಟು ಹೋದಳು. ಸಾಲಿನವರು ಕಾದರು. ಎರಡನೆಯ ಹೆಸರಿಗೆ ಬಂದೆ, ಮತ್ತೆ ಬೀಗ. ಮತ್ತೆ ಬಂದಳು, ಬಡಿದಳು, ಹೋದಳು. ಒಮ್ಮೆ ಪೂರ್ತಿ ಓದಿ ನೋಡೋಣ ಎಂದುಕೊಂಡೆ, ಓದಿ ಮುಗಿಸಿದ ಖುಷಿಗೆ ಇನ್ನೊಮ್ಮೆ ಬೀಗ. ನಾಲ್ಕನೆಯ ಸಲ ಪ್ರಿಂಟ್ ಕೊಡುವಾಗ ಆಯಿತು. ನಾನು ಎರಡೂ ಕೈ ಮೇಜಿನಿಂದ ಕೆಳಗಿಳಿಸಿ, ತಪ್ಪು ಮಾಡಿದ ಹುಡುಗನ ಹಾಗೆ ಕೂತೆ.

ಆಕೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಚಾಚಾ, ಪಾಸ್‌ವರ್ಡ್ ನಿಮಗೇ ಹೇಳಿ ಬಿಡ್ತೇನಿ. ನಮ್ಮ ಅತ್ತಿ ಹೆಸರು."

ಸಾಲಿನಲ್ಲಿದ್ದ ಒಬ್ಬ ಅಜ್ಜಿ ಮೆಚ್ಚಿಕೊಂಡಳು. "ಅತ್ತಿ ಮ್ಯಾಲೆ ಎಷ್ಟು ಜೀವ ನೋಡವ್ವ."

"ಜೀವ ಅಲ್ಲ ಆಯಿ," ಅಂದಳು ಆಕೆ. "ದಿನಾ ಮುಂಜಾನೆ ಬಂದ ಕೂಡ್ಲೆ ಆ ಹೆಸರಿನ ಒಂದೊಂದು ಅಕ್ಷರಕ್ಕೂ ಗುದ್ದಿ ಕೆಲಸ ಶುರು ಮಾಡ್ತೇನಿ. ಒಮ್ಮೆ ಗುದ್ದಿದ್ರ ಸಂಜೀತನ ಮನಸ್ಸು ಶಾಂತ ಇರ್ತದ. ಇವತ್ತು ಈ ಚಾಚಾರ ಸಂಬಂಧ ನಾಕು ಸಲ ಆಯ್ತು." ಸೊಂಟದ ಮೇಲಿನ ಕೈ ಇಳಿಸಿ ಹೇಳಿದಳು. "ಈಗ ಪಾಪ ಅನಸ್ಲಾಕತ್ತದ."

ವಕೀಲರ ಅಭಿಪ್ರಾಯ

ನಮ್ಮ ಗಲ್ಲಿಯ ಹಿರಿಯ ವಕೀಲರೊಬ್ಬರು ದಿನಾ ಹನ್ನೊಂದಕ್ಕೆ ನನ್ನ ಕೋಣೆಗೆ ಬಂದು ಪತ್ರಿಕೆ ಓದಿ ಹೋಗುತ್ತಾರೆ. ಕಂಪ್ಯೂಟರಿನ ಈ ಹೊಸ ವ್ಯವಸ್ಥೆಯನ್ನು ಬಹಳ ದಿನ ದೂರದಿಂದಲೇ ನೋಡಿದರು. ಒಂದು ದಿನ ಕುತೂಹಲ ತಡೆಯಲಾರದೆ, ತಮ್ಮ ಕಂಪ್ಯೂಟರಿಗೂ ಇದನ್ನು ಹಾಕಿಸಬಹುದೇ ಎಂದು ಕೇಳಿದರು. ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ.

"ಇದು ಒಂದು ಕಾಗದ. ಇದರ ಮಗ್ಗಲಕ ಇನ್ನೊಂದು."

"ಸರಿ. ಈಗ ಈ ಮೊದಲನೇದು ಜರಾ ಹಿಂದ ಸರಸ್ರಿ."

"ಹಿಂದ ಅಂತ ಇಲ್ರಿ ಇದರಾಗ. ಎಲ್ಲಾ ಮುಂದೇ ಇರ್ತಾವ."

"ಕೆಳಗ ಇಳಸೋ ಗುಂಡಿ ಎಲ್ಲದ?"

"ಅದೂ ಇಲ್ರಿ."

"ಇದರ ಮ್ಯಾಲೆ ಅದನ್ನ ಇಟ್ಟು ಮುಚ್ಚಬಹುದಿಲ್ಲ?"

"ಮುಚ್ಚಲಾಕ ಬರೋದಿಲ್ರಿ. ಇಟ್ಟದ್ದೆಲ್ಲ ಮಗ್ಗಲಕ ಮಗ್ಗಲ ಕೂಡ್ತದ, ಬಂದವ್ರಿಗಿ ಎಲ್ಲಾ ಕಾಣ್ತದ."

ವಕೀಲರು ಕೋಟಿನ ತೋಳು ಸರಿಪಡಿಸಿಕೊಂಡು ಎದ್ದು ನಿಂತರು.

"ಛಲೋ ಅದ. ನ್ಯಾಯಾಧೀಶರಿಗಿ ಬರೋಬ್ಬರಿ ಅದ," ಅಂದರು. "ನಮಗ ಆಗೋದಿಲ್ಲ."

ಸಮಾಧಾನ ಹೇಳಲು ಬಂದವರು

ಊರೂರಿಗೆ ಹೋಗುವಾಗ ಒಯ್ಯಲು ನನ್ನ ಹತ್ತಿರ ಒಂದು ಲ್ಯಾಪ್‌ಟಾಪೂ ಇದೆ. ಲೆಕ್ಚರರು ಅದಕ್ಕೂ ಇದೇ ಫರಶಿ ಹಾಸಿಕೊಟ್ಟಿದ್ದಾರೆ. ಒಮ್ಮೆ ಔರಾದದಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಅದರ ಚೀಲ ಅದಲುಬದಲಾಯಿತು. ಸೀಟಿನ ಮೇಲೆ ಸಾಮಾನು ಇಡುವ ಜಾಗದಲ್ಲಿ ಎರಡು ಕಪ್ಪು ಚೀಲ ಇದ್ದವು, ಇಳಿಯುವ ಗಡಿಬಿಡಿಯಲ್ಲಿ ನಾನು ಬೇರೆ ಯಾರದನ್ನೋ ತಂದೆ, ಅವರು ನನ್ನದನ್ನು ಒಯ್ದರು. ಮನೆಗೆ ಬಂದು ತೆರೆದಾಗಲೇ ತಿಳಿದದ್ದು. ಮೂರು ತಿಂಗಳ ಕೆಲಸ ಅದರಲ್ಲಿತ್ತು, ಒಂಬತ್ತು ಮನೆತನಗಳ ಹಳೆಯ ಕಾಗದದ ಫೋಟೋಗಳಿದ್ದವು. ಚೀಲದ ಜೇಬಿನಲ್ಲಿ ನನ್ನ ವಿಳಾಸದ ಕಾರ್ಡು ಇತ್ತು ಎನ್ನುವುದೊಂದೇ ಧೈರ್ಯ.

ಮರುದಿನ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರು ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದರು. ಗಂಡನ ಕೈಯಲ್ಲಿ ನನ್ನ ಚೀಲ, ಹೆಂಡತಿಯ ಕೈಯಲ್ಲಿ ಬಾಳೆಹಣ್ಣು. ಇಬ್ಬರ ಮುಖವೂ ಇಳಿದಿತ್ತು. ಕೂಡ್ರಿ ಅಂದರೆ ಕುರ್ಚಿಯ ಅಂಚಿನಲ್ಲಿ ಕೂತರು. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಸಾಹೇಬ್ರ, ಹ್ಯಾಂಗ ಹೇಳಬೇಕು ತಿಳಿವಲ್ದು," ಅಂದರು ಗಂಡ. "ನಾವು ಬರೇ ತೆರದು ನೋಡೀವಿ. ಬ್ಯಾರೆ ಏನೂ ಮಾಡಿಲ್ಲ."

"ಕೈ ಸೈತ ಜೋರ್ ಹಚ್ಚಿಲ್ಲ," ಎಂದು ಹೆಂಡತಿ ಸೇರಿಸಿದರು.

"ಏನಾಯ್ತ್ರಿ?"

"ಒಳಗಿಂದೆಲ್ಲಾ ಹೋಗ್ಯಾದ್ರಿ."

ತೆರೆದು ನನ್ನ ಮುಂದೆ ಇಟ್ಟರು. ಖಾಲಿ ಬೂದು ತೆರೆ, ಮೂಲೆಯಲ್ಲಿ ಗಂಟೆ ತೋರಿಸುವ ಅಂಕಿ, ಅಷ್ಟೇ. ಒಂದು ಚಿತ್ರ ಇಲ್ಲ, ಒಂದು ಗುಂಡಿ ಇಲ್ಲ. ನನ್ನದು ಯಾವಾಗಲೂ ಹಾಗೇ ಇರುವುದು. ಪಾಸ್‌ವರ್ಡ್ ಇಡಬೇಕೆಂದು ಲೆಕ್ಚರರು ಹೇಳಿದ್ದರೂ ನಾನು ಇಟ್ಟಿರಲಿಲ್ಲ, ಹಾಗಾಗಿ ಇವರು ಸೀದಾ ಒಳಗೆ ಬಂದು ಖಾಲಿ ಮನೆ ನೋಡಿ ಗಾಬರಿಯಾಗಿದ್ದರು. ರಿಪೇರಿ ಅಂಗಡಿಗೂ ಒಯ್ದಿದ್ದರಂತೆ, ಅಲ್ಲಿಯವನೂ ನೋಡಿ ತಲೆ ಅಲ್ಲಾಡಿಸಿದನಂತೆ.

ನಾನು ಎರಡು ಕೀ ಒತ್ತಿದೆ. ಉರ್ದು ಕಾಗದ ಬಲಕ್ಕೆ ಬಂದು ನಿಂತಿತು. ಇನ್ನೆರಡು ಒತ್ತಿದೆ, ಕನ್ನಡ ಎಡಕ್ಕೆ ಬಂತು. ಎರಡನೆಯ ಜಾಗಕ್ಕೆ ಹೋದೆ, ಮೂರನೆಯದಕ್ಕೆ ಹೋದೆ, ಒಂಬತ್ತೂ ಮನೆತನಗಳು ಕ್ಷೇಮವಾಗಿದ್ದವು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದರು. ಹೊರಡುವಾಗ ಹೆಂಡತಿ ತಮ್ಮ ಚೀಲದ ಜೊತೆಗೆ ಬಾಳೆಹಣ್ಣನ್ನೂ ಮತ್ತೆ ಕೈಗೆತ್ತಿಕೊಂಡರು.

"ತಪ್ಪು ತಿಳೀಬ್ಯಾಡ್ರಿ. ಯಾರೂ ಸತ್ತಿಲ್ಲ ಅಂದಮ್ಯಾಲೆ ಮಕ್ಕಳಿಗಿ ಒಯ್ತೇನಿ."

ಮೂರನೆಯ ಪಾಲು

ಔರಾದದಲ್ಲಿ ಇಬ್ಬರು ಅಣ್ಣತಮ್ಮಂದಿರು. ಒಂದೇ ಅಂಗಳ, ನಡುವೆ ಗೋಡೆ. ಅವರ ಅಜ್ಜನ ಕಾಲದ ಹೊಲದ ಪತ್ರ ಉರ್ದುವಿನಲ್ಲಿತ್ತು. ನಾಲ್ಕು ವರ್ಷದಿಂದ ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದರು. ಪತ್ರವನ್ನು ಒಬ್ಬರು ಬೀದರಿಗೆ ತಂದು ಓದಿಸಿದರೆ ಇನ್ನೊಬ್ಬರು ನಂಬುವುದಿಲ್ಲ, ಆದ್ದರಿಂದ ನಾನೇ ಅವರ ಮನೆಗೆ ಹೋಗಿ ಇಬ್ಬರ ಎದುರಿಗೂ ಓದಬೇಕು ಎಂದು ತೀರ್ಮಾನವಾಯಿತು. ಆ ಓದಿನ ಮೇಲೆ ಹೊಲದ ಪಾಲು ನಿಂತಿತ್ತು.

ಬಸ್ಸು ಹಿಡಿದು ಹೋದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ನಡುವೆ ಕೂತೆ. ಅಣ್ಣ ನನ್ನ ಬಲಗಡೆ, ತಮ್ಮ ಎಡಗಡೆ. ಅವರ ತಂಗಿ ಗಂಡನ ಮನೆಯಿಂದ ನಾಲ್ಕು ದಿನಕ್ಕೆ ಬಂದಿದ್ದಳು, ಒಳಗೆ ಚಹಾ ಕಾಸುತ್ತಿದ್ದಳು.

ಉರ್ದು ಬಲಕ್ಕೆ, ಕನ್ನಡ ಎಡಕ್ಕೆ ತೆರೆದೆ. ಓದಲು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ತಡೆದರು.

"ಸಾಹೇಬ್ರ, ಅವನಿಗಿ ಹೇಳ್ರಿ. ತಿಳಿಯೋ ಭಾಗ ತನ್ನ ಕಡಿ ಇಟ್ಕೊಂಡು ತಿಳೀಲಾರದ್ದು ನನ್ನ ಕಡಿ ಹಾಕ್ಯಾನ."

"ಅವರು ಹಾಕಿಲ್ರಿ, ಕಂಪ್ಯೂಟರ್ ಹಾಕ್ಯಾದ," ಅಂದೆ. ನಂಬಲಿಲ್ಲ. ಒಂದು ಕೀ ಒತ್ತಿ ಎರಡನ್ನೂ ಅದಲುಬದಲು ಮಾಡಿದೆ. ಕನ್ನಡ ಅಣ್ಣನ ಕಡೆಗೆ ಬಂತು.

"ಸಾಹೇಬ್ರ, ಅವನಿಗಿ ಹೇಳ್ರಿ," ಅಂದರು ತಮ್ಮ. "ಮೊದಲು ನನ್ನ ಕಡಿ ಇದ್ದದ್ದು ನನಗ ಬರಬೇಕು."

ಮತ್ತೆ ಬದಲಿಸಿದೆ. ಕನ್ನಡದ ಸಾಲು ಉದ್ದ, ಅದಕ್ಕೆ ನಾನು ಯಾವಾಗಲೂ ಸ್ವಲ್ಪ ಹೆಚ್ಚು ಜಾಗ ಕೊಟ್ಟಿರುತ್ತೇನೆ. ಅದು ಅಣ್ಣನ ಕಣ್ಣಿಗೆ ಬಿತ್ತು. ಮುಂದೆ ಬಾಗಿ, ಬೆರಳುಗಳನ್ನು ತೆರೆಯ ಮೇಲಿಟ್ಟು ಅಳೆದರು.

"ನನ್ನ ಕಡಿ ಹತ್ತು ಬೆರಳು. ಅವನ ಕಡಿ ಹನ್ನೆರಡು. ನೋಡ್ರಿ, ಇಲ್ಲೂ ಒತ್ಯಾನ."

"ಒತ್ತಿಲ್ರಿ," ಅಂದರು ತಮ್ಮ, ನನಗೆ. "ಅವನ ಬೆರಳು ದಪ್ಪ ಅವ."

ಎರಡನ್ನೂ ಸರಿಸಮ ಮಾಡಿದೆ. ಈಗ ತಮ್ಮ ಬಾಗಿ ಅಳೆದರು, ಅಣ್ಣ ಮತ್ತೊಮ್ಮೆ ಅಳೆದರು. ಇಬ್ಬರಿಗೂ ಸಮಾಧಾನವಾಯಿತು. ನಾನು ಓದಿದೆ. ಮೂಡಣಕ್ಕೆ ಹುಣಸೆಮರ, ಬಡಗಣಕ್ಕೆ ಹಳ್ಳ, ಅಜ್ಜನ ಹೆಸರು, ಸಾಕ್ಷಿಗಳ ಹೆಸರು. ಎಲ್ಲೂ ತಕರಾರು ಬರಲಿಲ್ಲ. ಪಾಲಿನ ಮಾತು ಬಂದಾಗ, ಈಗಿರುವ ವಾರಸುದಾರರು ಯಾರು ಯಾರು ಎಂದು ನೋಡಬೇಕಾಯಿತು. ಅವರು ಮೊದಲೇ ಕಳಿಸಿದ್ದ ವಂಶಾವಳಿಯ ಕಾಗದ ನನ್ನಲ್ಲಿತ್ತು. ಅದನ್ನು ತೆರೆದೆ.

ತೆರೆದ ಕೂಡಲೇ ಅದು ನಡುವೆ ಬಂದು ಕೂತಿತು. ಬಲಗಡೆಯದು ಬಲಕ್ಕೆ ಸರಿಯಿತು, ಎಡಗಡೆಯದು ಎಡಕ್ಕೆ ಸರಿಯಿತು. ಮೂರು ಸಮ ಪಾಲು.

ಅಣ್ಣ ಬೆರಳು ಇಡಲು ಹೋಗಿ ನಿಲ್ಲಿಸಿದರು. "ಇದ್ಯಾವುದ್ರಿ ಮೂರನೇದು? ನಮ್ಮಿಬ್ಬರನ್ನೂ ಒತ್ತಿ ನಡುವ ಬಂದು ಕುಂತದ."

ನಾನು ವಂಶಾವಳಿ ಎಂದು ಹೇಳುವವನಿದ್ದೆ. ಅಷ್ಟರಲ್ಲಿ ತಂಗಿ ಚಹದ ತಾಟು ಹಿಡಿದು ಹೊರಗೆ ಬಂದಳು. ತೆರೆಯನ್ನು ನೋಡಿದಳು, ಅಣ್ಣಂದಿರನ್ನು ನೋಡಿದಳು, ತಾಟನ್ನು ಜಮಖಾನೆಯ ಮೇಲೆ ಇಟ್ಟಳು.

"ನಾನೇ ಇರಬೇಕು ನೋಡಣ್ಣಾ," ಅಂದಳು.

ನಾನು ಚಹಾ ತೆಗೆದುಕೊಳ್ಳಬೇಕೋ ಬೇಡವೋ ತಿಳಿಯದೆ ಕೈ ಅರ್ಧಕ್ಕೆ ಹಿಡಿದು ಕೂತಿದ್ದೆ. ಆಗ ತಮ್ಮ ನನ್ನ ತಲೆಯ ಮೇಲಿಂದ ಬಾಗಿ, ನಾಲ್ಕು ವರ್ಷದಲ್ಲಿ ಮೊದಲ ಸಲ, ಸೀದಾ ಅಣ್ಣನಿಗೆ ಮಾತಾಡಿದರು.

"ಅಣ್ಣಾ, ಆ ನಡುವಿಂದು ಬಂದ್ ಮಾಡಸು."

"ಹೂಂ," ಅಂದರು ಅಣ್ಣ, ತಮ್ಮನಿಗೆ. "ನಾನೂ ಅದೇ ಅನ್ನೋನಿದ್ದೆ."

ತಂಗಿ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಎದುರಿಗೆ ಬಂದು ಕೂತಳು. ಲ್ಯಾಪ್‌ಟಾಪನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡಳು.

"ಇಬ್ಬರೂ ಮಾತಾಡಿದ್ರು, ಭಾಳ ಛಲೋ ಆಯ್ತು," ಅಂದಳು. "ಬಂದ್ ಮಾಡಬ್ಯಾಡ್ರಿ ಸಾಹೇಬ್ರ, ನಾ ಇನ್ನೂ ಓದಿಲ್ಲ."